ಮೀಟರ್‌ನಲ್ಲಿ ‘1’ ಬಂದರೆ ಏನರ್ಥ? ರೆಸಿಸ್ಟೆನ್ಸ್ ಅಳೆಯುವುದು, ಓಪನ್ ಹುಡುಕುವುದು

ಮಳೆಗಾಲ ಹಿಡಿಯಿತು ಅಂದರೆ ಈ ಮೂರು ಪ್ರಶ್ನೆಗಳು ಬರಲು ಶುರು. ‘ಟೆಸ್ಟರ್ ಉರಿಯುತ್ತದೆ, ಬಲ್ಬ್ ಉರಿಯುವುದಿಲ್ಲ, ಯಾಕೆ?’ ‘ಹೀಟರ್ ರಾಡ್‌ಗೆ ಮೀಟರ್ ಹಿಡಿದರೆ 1 ಅಂತ ಬರುತ್ತದೆ, ಅಂದರೆ 1 ಓಮ್ ಅಲ್ವಾ?’ ‘ಮೀಟರ್ ಬೀಪ್ ಅನ್ನುತ್ತದೆ, ವೈರ್ ಸರಿ ಇದೆ, ಆದರೂ ಮೋಟಾರ್ ಎತ್ತುವುದಿಲ್ಲ.’ ಕೇಳುವವರಲ್ಲಿ ಡಿಪ್ಲೊಮಾ ಓದುವ ಹುಡುಗರಿದ್ದಾರೆ, ತೋಟದ ಪಂಪ್‌ಸೆಟ್ ತಾವೇ ನೋಡಿಕೊಳ್ಳುವ ಹಿರಿಯರೂ ಇದ್ದಾರೆ. ಎಲ್ಲರಿಗೂ ಸೇರಿಸಿ ಇಲ್ಲಿ ಬರೆದಿದ್ದೇನೆ.

ಮೊದಲೇ ಒಂದು ಮಾತು. ತಂತಿ ಒಂದೋ ಸರಿ ಇರುತ್ತದೆ, ಇಲ್ಲವೋ ಕಡಿದಿರುತ್ತದೆ ಎಂದು ನಾವೆಲ್ಲ ಅಂದುಕೊಳ್ಳುತ್ತೇವೆ. ಮಲೆನಾಡಿನ ಮನೆಗಳಲ್ಲಿ ಜಾಸ್ತಿ ಕಾಟ ಕೊಡುವುದು ಇವೆರಡರ ನಡುವಿನದು. ಕಡಿದಿಲ್ಲ, ಸರಿಯೂ ಇಲ್ಲ. ಕಿಲುಬು ಹಿಡಿದ ಜಾಯಿಂಟ್. ಅದನ್ನು ಹಿಡಿಯುವುದು ಹೇಗೆ ಎಂಬಲ್ಲಿಗೆ ಬರುವುದೇ ಈ ಲೇಖನದ ಉದ್ದೇಶ. ಆದರೆ ನೇರವಾಗಿ ಅಲ್ಲಿಗೆ ಹಾರಬೇಡಿ. ಮೀಟರ್ ಓದಲು ಬಾರದೆ ಜಾಯಿಂಟ್ ಹುಡುಕಲು ಆಗುವುದಿಲ್ಲ.

ಏನೇನು ಬೇಕು

ಒಂದು ಡಿಜಿಟಲ್ ಮಲ್ಟಿಮೀಟರ್. ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಪೇಟೆಯ ಎಲೆಕ್ಟ್ರಿಕಲ್ ಅಂಗಡಿಗಳಲ್ಲಿ ಸಿಗುವ ಹಳದಿ ಬಣ್ಣದ ಸಣ್ಣ ಮೀಟರ್ ಕಲಿಯಲು ಸಾಕು. ಬಜರ್, ಅಂದರೆ ತಂತಿಯ ದಾರಿ ಕೂಡಿದ್ದರೆ ಬೀಪ್ ಅನ್ನುವ ಸೌಲಭ್ಯ, ಇರುವುದನ್ನೇ ಕೇಳಿ ತನ್ನಿ. ತೀರಾ ಅಗ್ಗದ ಕೆಲವಲ್ಲಿ ಅದು ಇರುವುದಿಲ್ಲ. 230 ವೋಲ್ಟ್ ಅಳೆಯುವ ಉದ್ದೇಶವಿದ್ದರೆ ಮಾತ್ರ ಸ್ವಲ್ಪ ಜಾಸ್ತಿ ದುಡ್ಡು ಕೊಟ್ಟು, ಮೈಮೇಲೆ ‘ಕ್ಯಾಟ್ 3’ ಎಂದು ನಮೂದಿಸಿದ ಒಳ್ಳೆಯ ಮೀಟರ್ ಕೊಳ್ಳಿ. ವೋಲ್ಟೇಜ್ ದಿಢೀರ್ ಏರಿದರೂ ತಡೆದುಕೊಳ್ಳುವ ಸುರಕ್ಷತಾ ದರ್ಜೆ ಅದು.

ಜೊತೆಗೆ ಒಂದಷ್ಟು ರೆಸಿಸ್ಟರ್, ಎರಡು ಕ್ರೋಕಡೈಲ್ ಕ್ಲಿಪ್ ವೈರ್, ಸ್ಕ್ರೂಡ್ರೈವರ್, ಉಪ್ಪು ಕಾಗದ, ಟಾರ್ಚ್. ಒಣಗಿದ ಚಪ್ಪಲಿಯೂ ಬೇಕು. ತಮಾಷೆಗೆ ಹೇಳುತ್ತಿಲ್ಲ. ಆಷಾಢದಲ್ಲಿ ನಮ್ಮ ಮನೆಗಳ ನೆಲ ಹೇಗಿರುತ್ತದೆ ಎಂದು ನಿಮಗೇ ಗೊತ್ತು.

ಮೂರು ಪದಗಳು ಮೊದಲು

ರೆಸಿಸ್ಟೆನ್ಸ್ ಅಂದರೆ ಕರೆಂಟ್ ಹರಿಯುವುದಕ್ಕೆ ಇರುವ ಅಡ್ಡಿ. ಶಾಲೆಯ ಪುಸ್ತಕದಲ್ಲಿ ಇದನ್ನೇ ರೋಧ ಎಂದು ಓದಿರುತ್ತೀರಿ. ಅಳತೆ ಓಮ್‌ನಲ್ಲಿ. ಸಾವಿರ ಓಮ್ ಒಂದು ಕಿಲೋ ಓಮ್, ಹತ್ತು ಲಕ್ಷ ಓಮ್ ಒಂದು ಮೆಗಾ ಓಮ್. ಜರ್ಮನಿಯ ಜಾರ್ಜ್ ಸೈಮನ್ ಓಮ್ 1827ರಲ್ಲಿ ಪ್ರಕಟಿಸಿದ ಲೆಕ್ಕ ಇವತ್ತಿಗೂ ಅದೇ: ವೋಲ್ಟೇಜನ್ನು ರೆಸಿಸ್ಟೆನ್ಸ್‌ನಿಂದ ಭಾಗಿಸಿದರೆ ಕರೆಂಟ್. 12 ವೋಲ್ಟ್‌ಗೆ 6 ಓಮ್ ಜೋಡಿಸಿದರೆ 2 ಆಂಪಿಯರ್ ಹರಿಯುತ್ತದೆ.

ಓಪನ್ ಅಂದರೆ ದಾರಿ ಎಲ್ಲೋ ತುಂಡಾಗಿದೆ, ರೆಸಿಸ್ಟೆನ್ಸ್ ಲೆಕ್ಕಕ್ಕೆ ಸಿಗದಷ್ಟು ಜಾಸ್ತಿ, ಕರೆಂಟ್ ಸೊನ್ನೆ. ಶಾರ್ಟ್ ಇದರ ಉಲ್ಟಾ. ರೆಸಿಸ್ಟೆನ್ಸ್ ಸೊನ್ನೆಯ ಹತ್ತಿರ, ಕರೆಂಟ್ ಮಿತಿಮೀರಿ ಹರಿದು ಫ್ಯೂಸ್ ಹಾರುತ್ತದೆ. ‘ಕರೆಂಟ್ ಬರ್ತಿಲ್ಲ, ಶಾರ್ಟ್ ಆಗಿದೆ’ ಎಂದು ಎಲ್ಲದಕ್ಕೂ ಶಾರ್ಟ್ ಅನ್ನುವ ಅಭ್ಯಾಸ ನಮ್ಮಲ್ಲಿದೆ. ರಿಪೇರಿ ಅಂಗಡಿಯಲ್ಲಿ ಹಾಗೆ ಹೇಳಿದರೆ ಅವರು ಬೇರೆಯದನ್ನೇ ಹುಡುಕುತ್ತಾ ಕೂರುತ್ತಾರೆ.

ಗುಡ್ಡದ ನೀರನ್ನು ಅಡಿಕೆ ದಬ್ಬೆಯಲ್ಲಿ ಮನೆಗೆ ತರುವುದನ್ನು ನೋಡಿದ್ದೀರಲ್ಲ? ದಬ್ಬೆ ಕಿರಿದಾದರೆ ನೀರು ಕಡಿಮೆ ಬರುತ್ತದೆ. ರೆಸಿಸ್ಟೆನ್ಸ್‌ಗೆ ಈ ಹೋಲಿಕೆ ಸರಿ ಹೊಂದುತ್ತದೆ. ಓಪನ್‌ಗೆ ಹೊಂದುವುದಿಲ್ಲ. ದಬ್ಬೆ ಮುರಿದರೆ ನೀರು ಅಲ್ಲೇ ಸುರಿಯುತ್ತದೆ. ತಂತಿ ತುಂಡಾದರೆ ಕರೆಂಟ್ ಅಲ್ಲಿ ಸುರಿಯುವುದಿಲ್ಲ, ಇಡೀ ಸುತ್ತಿನಲ್ಲಿ ಒಮ್ಮೆಗೇ ನಿಂತುಬಿಡುತ್ತದೆ. ಆದರೆ ವೋಲ್ಟೇಜ್ ಮಾತ್ರ ತುಂಡಾದ ಜಾಗದವರೆಗೂ ಬಂದು ಕಾಯುತ್ತಿರುತ್ತದೆ. ‘ಕೆಲಸ ಮಾಡ್ತಿಲ್ಲ, ಹಾಗಾಗಿ ಕರೆಂಟ್ ಇಲ್ಲ’ ಎಂದು ಕೈ ಹಾಕುವುದು ಅದಕ್ಕೇ ಅಪಾಯ.

ಹಂತ 1: ಕರೆಂಟ್ ನಿಜವಾಗಿಯೂ ತೆಗೆಯಿರಿ

ರೆಸಿಸ್ಟೆನ್ಸ್ ಅಳೆಯುವಾಗ ಮೀಟರ್ ತನ್ನ ಬ್ಯಾಟರಿಯಿಂದಲೇ ಸಣ್ಣ ಕರೆಂಟ್ ಹರಿಸಿ ಲೆಕ್ಕ ಹಾಕುತ್ತದೆ. ಅಳೆಯುವ ಜಾಗದಲ್ಲಿ ಬೇರೆ ವೋಲ್ಟೇಜ್ ಇದ್ದರೆ ಲೆಕ್ಕ ತಪ್ಪುತ್ತದೆ. ಅದು 230 ವೋಲ್ಟ್ ಆಗಿದ್ದರೆ ಮೀಟರ್ ಸುಡುತ್ತದೆ, ಕೈಯನ್ನೂ ಸುಡಬಹುದು.

ಸ್ವಿಚ್ ಆಫ್ ಮಾಡಿದರೆ ಸಾಲದು. ಪ್ಲಗ್ ಕಿತ್ತು ಕೈಯಲ್ಲಿ ಹಿಡಿದುಕೊಳ್ಳಿ. ಗೋಡೆಯ ವೈರಿಂಗ್ ನೋಡುವುದಾದರೆ ಮೇನ್ ಆಫ್ ಮಾಡಿ, ಹಳೆಯ ಮನೆಯಾದರೆ ಕಿಟ್‌ಕ್ಯಾಟ್ ಫ್ಯೂಸ್ ತೆಗೆದು ಜೇಬಿಗೆ ಹಾಕಿಕೊಳ್ಳಿ. ಯುಪಿಎಸ್ ಇದ್ದರೆ ಅದನ್ನೂ ಆಫ್ ಮಾಡಿ. ಮೇನ್ ಆಫ್ ಮಾಡಿದರೂ ಯುಪಿಎಸ್ ಲೈನಿನಲ್ಲಿ 230 ವೋಲ್ಟ್ ಇದ್ದೇ ಇರುತ್ತದೆ.

ನಮ್ಮ ಕಡೆ ಜನ ಮಾಡುವ ದೊಡ್ಡ ತಪ್ಪು ಇನ್ನೊಂದಿದೆ. ಮಳೆಗೆ ಕರೆಂಟ್ ಹೋಗಿರುತ್ತದೆ. ‘ಹೇಗೂ ಸಂಜೆ ತನಕ ಬರಲ್ಲ’ ಎಂದು ಮೇನ್ ಆಫ್ ಮಾಡದೆ ಕೆಲಸಕ್ಕೆ ಕೂರುತ್ತಾರೆ. ಲೈನ್ ಮೇಲೆ ಬಿದ್ದ ಮರ ಯಾವಾಗ ಕಡಿದು ಮುಗಿಯುತ್ತದೆ ಎಂದು ಯಾರಿಗೆ ಗೊತ್ತು ಮಾರಾಯ್ರೆ? ಕರೆಂಟ್ ಹೇಳಿ ಕೇಳಿ ಬರುವುದಿಲ್ಲ.

ಮೊಬೈಲ್ ಚಾರ್ಜರ್, ಟಿವಿ, ಎಲ್‌ಇಡಿ ಡ್ರೈವರ್‌ಗಳ ಒಳಗೆ ಚಾರ್ಜ್ ಹಿಡಿದಿಟ್ಟುಕೊಳ್ಳುವ ದೊಡ್ಡ ಕೆಪಾಸಿಟರ್ ಇರುತ್ತದೆ. ಅದರಲ್ಲಿ ಪ್ಲಗ್ ತೆಗೆದ ಮೇಲೂ 300 ವೋಲ್ಟ್‌ಗಿಂತ ಜಾಸ್ತಿ ಉಳಿದಿರಬಹುದು. ಕಲಿಯುವವರು ಇಂಥವನ್ನು ಬಿಚ್ಚಬೇಡಿ.

ಹಂತ 2: ಮೊದಲು ಮೀಟರನ್ನೇ ಪರೀಕ್ಷಿಸಿ

ಕಪ್ಪು ವೈರ್ ‘ಕಾಮ್’ ಎಂಬ ತೂತಿಗೆ, ಕೆಂಪು ವೈರ್ ವೋಲ್ಟ್ ಮತ್ತು ಓಮ್ ಚಿಹ್ನೆ ಇರುವ ತೂತಿಗೆ ಹಾಕಿ. 10 ಆಂಪಿಯರ್ ತೂತಿನಲ್ಲಿ ಕೆಂಪು ವೈರ್ ಇಟ್ಟುಕೊಂಡು ಓಮ್ ಅಳೆಯಲು ಹೋಗುವವರು ಬಹಳ. ಗುಂಡಿಯನ್ನು ಓಮ್ ಭಾಗದ 200ಕ್ಕೆ ತಿರುಗಿಸಿ. ಇದು 200 ಓಮ್ ತನಕ ಅಳೆಯುವ ರೇಂಜ್.

ಪ್ರೋಬ್‌ಗಳನ್ನು, ಅಂದರೆ ಈ ವೈರ್‌ಗಳ ಇನ್ನೊಂದು ತುದಿಯ ಲೋಹದ ಕಡ್ಡಿಗಳನ್ನು, ದೂರ ಹಿಡಿಯಿರಿ. ಹಳದಿ ಮೀಟರ್ ಎಡಗಡೆ ಮೂಲೆಯಲ್ಲಿ ಬರೀ ‘1’ ತೋರಿಸುತ್ತದೆ, ಉಳಿದ ಅಂಕಿಗಳ ಜಾಗ ಖಾಲಿ. ಸ್ವಲ್ಪ ಹೊಸ ಮೀಟರ್‌ಗಳಲ್ಲಿ ‘ಓಎಲ್’ ಎಂಬ ಇಂಗ್ಲಿಷ್ ಅಕ್ಷರಗಳು ಬರುತ್ತವೆ. ಎರಡರ ಅರ್ಥವೂ ಒಂದೇ: ‘ಈ ರೇಂಜ್‌ನಲ್ಲಿ ನನ್ನ ಕೈಗೆ ಸಿಗದಷ್ಟು ಜಾಸ್ತಿ’. ಅದು 1 ಓಮ್ ಅಲ್ಲ. ನಿಜವಾದ 1 ಓಮ್ ಇದ್ದರೆ 200ರ ರೇಂಜ್‌ನಲ್ಲಿ 01.0 ಎಂದು, ಬಲಗಡೆಗೆ, ಚುಕ್ಕೆಯೊಂದಿಗೆ ಬರುತ್ತದೆ. ಈ ಒಂದು ಗೊಂದಲದಿಂದ ಸುಟ್ಟ ರಾಡನ್ನು ಸರಿ ಇದೆ ಎಂದು ಇಟ್ಟುಕೊಂಡವರಿದ್ದಾರೆ.

ಈಗ ಪ್ರೋಬ್‌ಗಳ ತುದಿ ಒಂದಕ್ಕೊಂದು ಒತ್ತಿ ಹಿಡಿಯಿರಿ. 0.2ರಿಂದ 0.5ರ ತನಕ ಏನೋ ಒಂದು ಬರುತ್ತದೆ. ಅದು ಮೀಟರ್ ವೈರ್‌ಗಳದ್ದೇ ರೆಸಿಸ್ಟೆನ್ಸ್. ಕಾಗದದಲ್ಲಿ ಬರೆದಿಡಿ, ಮುಂದೆ ಕಡಿಮೆ ಓಮ್ ಅಳೆಯುವಾಗ ಇದನ್ನು ಕಳೆಯಬೇಕು. ಅಂಕಿ ನಿಲ್ಲದೆ ಕುಣಿಯುತ್ತಿದ್ದರೆ ಪ್ರೋಬ್ ತುದಿಗೆ ಉಪ್ಪು ಕಾಗದ ಉಜ್ಜಿ. ಆಗಲೂ ಕುಣಿದರೆ ಪ್ರೋಬ್ ವೈರ್ ಒಳಗೇ ಮುರಿದಿದೆ. ಅಗ್ಗದ ಮೀಟರ್‌ಗಳಲ್ಲಿ ಇದು ಮಾಮೂಲು. ಬ್ಯಾಟರಿ ಚಿಹ್ನೆ ಕಂಡರೆ ಮೊದಲು ಬ್ಯಾಟರಿ ಬದಲಿಸಿ, ವೀಕ್ ಬ್ಯಾಟರಿಯ ರೀಡಿಂಗ್ ನಂಬಬೇಡಿ.

ಹಂತ 3: ಗೊತ್ತಿರುವ ರೆಸಿಸ್ಟರ್ ಅಳೆದು ರೇಂಜ್ ಅಭ್ಯಾಸ ಮಾಡಿ

ರೆಸಿಸ್ಟರ್ ಮೇಲಿನ ಬಣ್ಣದ ಪಟ್ಟಿಗಳು ಅದರ ಬೆಲೆ ಹೇಳುತ್ತವೆ. ಕಪ್ಪು 0, ಕಂದು 1, ಕೆಂಪು 2, ಕಿತ್ತಳೆ 3, ಹಳದಿ 4, ಹಸಿರು 5, ನೀಲಿ 6, ನೇರಳೆ 7, ಬೂದು 8, ಬಿಳಿ 9. ನಾಲ್ಕು ಪಟ್ಟಿಯದ್ದಾದರೆ ಮೊದಲೆರಡು ಅಂಕಿ, ಮೂರನೆಯದು ಎಷ್ಟು ಸೊನ್ನೆ ಸೇರಿಸಬೇಕು ಎಂಬುದು, ನಾಲ್ಕನೆಯದು ಎಷ್ಟು ಆಚೀಚೆ ಇರಬಹುದು ಎಂಬುದು. ಹಳದಿ, ನೇರಳೆ, ಕೆಂಪು, ಚಿನ್ನದ ಬಣ್ಣ ಅಂದರೆ 4, 7, ಎರಡು ಸೊನ್ನೆ: 4,700 ಓಮ್. ಚಿನ್ನದ ಬಣ್ಣ ಅಂದರೆ ಶೇಕಡ 5 ಆಚೀಚೆ. ಹಾಗಾಗಿ 4,465ರಿಂದ 4,935ರ ಒಳಗೆ ಎಲ್ಲಿ ಬಂದರೂ ಅದು ಒಳ್ಳೆಯ ರೆಸಿಸ್ಟರೇ.

ಈಗ ಅದನ್ನು 200ರ ರೇಂಜ್‌ನಲ್ಲಿ ಅಳೆಯಿರಿ. ‘1’ ಬರುತ್ತದೆ. ಓಪನ್ ಅಲ್ಲ, ರೇಂಜ್ ಸಾಲಲಿಲ್ಲ ಅಷ್ಟೆ. 20ಕೆಗೆ ತಿರುಗಿಸಿ, 4.7ರ ಆಸುಪಾಸು ಬರುತ್ತದೆ. ‘ಕೆ’ ಅಂದರೆ ಸಾವಿರ. ಇನ್ನು 2000ಕೆ ರೇಂಜ್‌ಗೆ ಹಾಕಿ 100 ಓಮ್‌ನ ರೆಸಿಸ್ಟರ್ ಅಳೆದು ನೋಡಿ. ಸೊನ್ನೆ ತೋರಿಸುತ್ತದೆ! ಶಾರ್ಟ್ ಅಲ್ಲ. ಆ ರೇಂಜ್‌ನಲ್ಲಿ ಮೀಟರ್ ಎಣಿಸುವುದೇ ಸಾವಿರಗಳಲ್ಲಿ, 100 ಓಮ್ ಅದರ ಲೆಕ್ಕಕ್ಕೇ ಬರುವುದಿಲ್ಲ.

ಅದಕ್ಕೆ ನಿಯಮ ಹೀಗಿಟ್ಟುಕೊಳ್ಳಿ. ‘1’ ಬಂದರೆ ರೇಂಜ್ ಏರಿಸುತ್ತಾ ಹೋಗಿ, ಎಲ್ಲಕ್ಕಿಂತ ದೊಡ್ಡ ರೇಂಜ್‌ನಲ್ಲೂ ‘1’ ಇದ್ದರೆ ಮಾತ್ರ ಓಪನ್. ಸೊನ್ನೆ ಬಂದರೆ ಇಳಿಸುತ್ತಾ ಬನ್ನಿ, 200ರಲ್ಲೂ ಸೊನ್ನೆಯ ಹತ್ತಿರವೇ ಇದ್ದರೆ ಮಾತ್ರ ಶಾರ್ಟ್. ರೇಂಜನ್ನು ತಾನೇ ಆರಿಸಿಕೊಳ್ಳುವ ಮೀಟರ್ ಇದ್ದರೆ ಈ ತಲೆನೋವಿಲ್ಲ, ಆದರೆ ಪರದೆಯ ಮೂಲೆಯಲ್ಲಿ ಓಮ್ ಇದೆಯೋ, ಕಿಲೋ ಇದೆಯೋ, ಮೆಗಾ ಇದೆಯೋ ನೋಡಲೇಬೇಕು.

ಪ್ರೋಬ್‌ಗಳ ಲೋಹವನ್ನು ಎರಡೂ ಕೈಯ ಬೆರಳಲ್ಲಿ ಒತ್ತಿ ಹಿಡಿಯಬೇಡಿ. ನಿಮ್ಮ ಮೈಯ ರೆಸಿಸ್ಟೆನ್ಸ್ ಕೂಡ ಲೆಕ್ಕಕ್ಕೆ ಸೇರುತ್ತದೆ. ಕಡಿಮೆ ಓಮ್‌ನಲ್ಲಿ ಇದರಿಂದ ವ್ಯತ್ಯಾಸ ಆಗದು. ಆದರೆ ಮೆಗಾ ಓಮ್‌ನಲ್ಲಿ, ಅದೂ ಬೆವರಿದ ಅಥವಾ ಒದ್ದೆ ಕೈಯಾದರೆ, ರೀಡಿಂಗ್ ಪೂರ್ತಿ ಹಾಳಾಗುತ್ತದೆ.

ಹಂತ 4: ಎಷ್ಟು ಬರಬೇಕು ಎಂದು ಅಳೆಯುವ ಮೊದಲೇ ಲೆಕ್ಕ ಹಾಕಿ

ಬಿಸಿ ಮಾಡುವ ಉಪಕರಣಗಳಿಗೆ ಲೆಕ್ಕ ಬಲು ಸುಲಭ. 230ನ್ನು 230ರಿಂದ ಗುಣಿಸಿದರೆ 52,900. ಅದನ್ನು ಉಪಕರಣದ ವ್ಯಾಟ್‌ನಿಂದ ಭಾಗಿಸಿ. 1,500 ವ್ಯಾಟ್‌ನ ಹೀಟರ್ ರಾಡ್ ಸುಮಾರು 35 ಓಮ್. 1,000 ವ್ಯಾಟ್ ಇಸ್ತ್ರಿ ಪೆಟ್ಟಿಗೆ ಸುಮಾರು 53. 2,000 ವ್ಯಾಟ್ ಗೀಸರ್ ಸುಮಾರು 26. ಪ್ಲಗ್‌ನ ಎರಡು ಸಣ್ಣ ಪಿನ್‌ಗಳ ನಡುವೆ ಅಳೆದಾಗ ಇದರ ಹತ್ತಿರ ಬಂದರೆ ಉಪಕರಣ ಸರಿ. ಇಸ್ತ್ರಿ ಪೆಟ್ಟಿಗೆಯ ಥರ್ಮೋಸ್ಟಾಟ್ ತಿರುಗಣಿ ಆಫ್‌ನಲ್ಲಿದ್ದರೆ ಓಪನ್ ಬರುತ್ತದೆ, ಮೊದಲು ಅದನ್ನು ತಿರುಗಿಸಿ.

ಪ್ಲಗ್‌ನ ದಪ್ಪ ಪಿನ್‌ಗೂ ಸಣ್ಣ ಪಿನ್‌ಗೂ ನಡುವೆ ಓಪನ್ನೇ ಬರಬೇಕು. ದಪ್ಪ ಪಿನ್ ಅರ್ಥ್. ಅಲ್ಲಿ ಏನಾದರೂ ಅಂಕಿ ಬಂದರೆ ಕರೆಂಟ್ ಉಪಕರಣದ ಮೈಗೆ ಸೋರುವ ದಾರಿ ಇದೆ ಎಂದರ್ಥ, ಆ ಉಪಕರಣ ಬಳಸಬೇಡಿ. ಇದರ ಉಲ್ಟಾ ನಿಜವಲ್ಲ, ಗಮನಿಸಿ. ಮಲ್ಟಿಮೀಟರ್ ಓಪನ್ ತೋರಿಸಿದ ಮಾತ್ರಕ್ಕೆ ಸೋರಿಕೆ ಇಲ್ಲ ಎನ್ನಲಾಗದು. ಅದು ಕೆಲವೇ ವೋಲ್ಟ್‌ನಲ್ಲಿ ಅಳೆಯುತ್ತದೆ. ತೇವ ಹಿಡಿದ ಮೋಟಾರ್ 230 ವೋಲ್ಟ್ ಬಿದ್ದಾಗಲೇ ಬಣ್ಣ ತೋರಿಸುವುದು. ಅದಕ್ಕೆ ಎಲೆಕ್ಟ್ರಿಷಿಯನ್‌ಗಳು ಮೆಗ್ಗರ್ ತರುತ್ತಾರೆ; 500 ವೋಲ್ಟ್ ಹಾಕಿ ಇನ್ಸುಲೇಶನ್ ಪರೀಕ್ಷಿಸುವ ಯಂತ್ರ ಅದು.

ಹಳೆಯ ತಂತಿ ಬಲ್ಬ್ ಮಾತ್ರ ಈ ಲೆಕ್ಕ ತಪ್ಪಿಸುತ್ತದೆ. 60 ವ್ಯಾಟ್‌ನದ್ದು 882 ಓಮ್ ಇರಬೇಕಲ್ಲ? ಮೀಟರ್‌ನಲ್ಲಿ ಅದರ ಹತ್ತು-ಹದಿನೈದನೇ ಒಂದು ಭಾಗ ಬರುತ್ತದೆ. ಬಲ್ಬ್ ಹಾಳಾಗಿಲ್ಲ. ಟಂಗ್‌ಸ್ಟನ್ ತಂತಿ ತಣ್ಣಗಿರುವಾಗ ರೆಸಿಸ್ಟೆನ್ಸ್ ಅಷ್ಟೇ, ಬೆಳ್ಳಗೆ ಕಾದಾಗ ಏರುತ್ತದೆ. ಎಲ್‌ಇಡಿ ಬಲ್ಬ್, ಚಾರ್ಜರ್, ಟಿವಿ ಇವುಗಳ ಪ್ಲಗ್‌ಗೆ ಓಮ್ ಮೀಟರ್ ಹಿಡಿದು ಏನೂ ತಿಳಿಯದು, ಸುಮ್ನೆ ಹೊತ್ತು ಹಾಳು.

ಹಂತ 5: ಒಂದು ಕಾಲು ಬಿಡಿಸಿ ಅಳೆಯಿರಿ

ಬೋರ್ಡಿನ ಮೇಲೆ ಇರುವಾಗಲೇ ರೆಸಿಸ್ಟರ್ ಅಳೆದರೆ ಅಕ್ಕಪಕ್ಕದ ದಾರಿಗಳೂ ಸೇರುತ್ತವೆ. 1,000 ಓಮ್‌ಗೆ ಅಡ್ಡಲಾಗಿ ಇನ್ನೊಂದು 1,000 ಇದ್ದರೆ 500 ತೋರಿಸುತ್ತದೆ. ಒಂದು ಕಾಲಿನ ಸೋಲ್ಡರ್ ಬಿಡಿಸಿ ಎತ್ತಿ ಅಳೆಯಿರಿ. ಪ್ರೋಬ್ ಅದಲು ಬದಲು ಮಾಡಿದಾಗ ಅಂಕಿ ಬದಲಾದರೆ ನಡುವೆ ಡಯೋಡ್, ಟ್ರಾನ್ಸಿಸ್ಟರ್ ಅಥವಾ ಕೆಪಾಸಿಟರ್ ಇದೆ. ಒಂದು ಮಾತ್ರ ಖಚಿತ: ಬೋರ್ಡಿನಲ್ಲಿದ್ದಾಗ ಬರೆದ ಬೆಲೆಗಿಂತ ಜಾಸ್ತಿ ಬಂದರೆ ಆ ರೆಸಿಸ್ಟರ್ ಹೋಗಿದೆ. ಪಕ್ಕದ ದಾರಿಗಳು ರೀಡಿಂಗ್ ಇಳಿಸಬಲ್ಲವು, ಏರಿಸಲಾರವು. ಕೆಪಾಸಿಟರ್ ಚಾರ್ಜ್ ಆಗುತ್ತಾ ಅಂಕಿ ಓಡುತ್ತಿದ್ದರೆ ಅದು ನಿಲ್ಲುವ ತನಕ ಕಾಯಿರಿ.

ಹಂತ 6: ಓಪನ್ ಎಲ್ಲಿದೆ? ಅರ್ಧ ಅರ್ಧ ಮಾಡಿ ಹುಡುಕಿ

ಒಂದು ತುದಿಯಿಂದ ಇಂಚಿಂಚು ನೋಡುತ್ತಾ ಬರುವುದು ದಡ್ಡ ಕೆಲಸ. ನಡುವಿನಿಂದ ಶುರು ಮಾಡಿ. ರಾಡ್‌ನ ಉದಾಹರಣೆಯನ್ನೇ ಹಿಡಿಯೋಣ. ಪ್ಲಗ್‌ನಲ್ಲಿ ಓಪನ್ ಬಂತು. ರಾಡ್‌ನ ಮೇಲಿನ ಮುಚ್ಚಳ ಬಿಚ್ಚಿ, ವೈರ್ ಸೇರುವ ಎರಡು ಸ್ಕ್ರೂಗಳ ನಡುವೆ ಅಳೆಯಿರಿ. ಅಲ್ಲಿ 35 ಓಮ್ ಬಂದರೆ ಕಾಯಿಲ್ ಸರಿ, ವೈರ್ ಅಥವಾ ಪ್ಲಗ್ ಹೋಗಿದೆ. ಅಲ್ಲೂ ಓಪನ್ ಆದರೆ ಕಾಯಿಲ್ ಸುಟ್ಟಿದೆ, ಹೊಸ ರಾಡ್ ತನ್ನಿ.

ವೈರ್ ಎಂದಾದರೆ ಪ್ಲಗ್‌ನ ಒಂದು ಪಿನ್‌ಗೂ ಆ ಕಡೆಯ ಸ್ಕ್ರೂಗೂ ಕ್ರೋಕಡೈಲ್ ಕ್ಲಿಪ್ ಹಾಕಿ, ಬಜರ್‌ನಲ್ಲಿಟ್ಟು, ವೈರನ್ನು ಉದ್ದಕ್ಕೂ ಬಗ್ಗಿಸುತ್ತಾ ಬನ್ನಿ. ಎಲ್ಲಿ ಬೀಪ್ ಬಂದು ಹೋಗುತ್ತದೋ ಅಲ್ಲೇ ಒಳಗೆ ಮುರಿದಿದೆ. ಸಾಮಾನ್ಯವಾಗಿ ಪ್ಲಗ್‌ನ ಕುತ್ತಿಗೆಯಲ್ಲಿ ಅಥವಾ ಉಪಕರಣದೊಳಗೆ ಹೋಗುವ ಜಾಗದಲ್ಲಿ. ವೈಫೈ ರೂಟರ್‌ನ ಅಡಾಪ್ಟರ್ ವೈರ್ ಕೂಡ ಹೀಗೆ ಪಿನ್‌ನ ಬುಡದಲ್ಲೇ ಮುರಿಯುತ್ತದೆ. ಅಟ್ಟದ ಮೇಲೆ ಹೋದ ವೈರ್ ಆದರೆ ಬಗ್ಗಿಸುವ ಮೊದಲು ಟಾರ್ಚ್ ಹಿಡಿದು ಇಲಿ ಕಡಿದ ಗುರುತು ನೋಡಿ.

ಹಬ್ಬದ ಸೀರಿಯಲ್ ಸೆಟ್‌ನಲ್ಲೂ ಇದೇ ಉಪಾಯ. ಒಂದರ ಹಿಂದೆ ಒಂದು ಜೋಡಿಸಿರುವುದರಿಂದ ಒಂದು ಬಲ್ಬ್ ಓಪನ್ ಆದರೆ ಇಡೀ ಸಾಲು ಕತ್ತಲೆ. ತಂತಿ ಬಲ್ಬ್‌ಗಳ ಸೆಟ್ ಆದರೆ ಪ್ಲಗ್ ತೆಗೆದು, ಸಾಲಿನ ನಡುವಿನಿಂದ ಎರಡೂ ಕಡೆಗೆ ಅಳೆಯಿರಿ. ಓಪನ್ ಬಂದ ಅರ್ಧವನ್ನು ಮತ್ತೆ ಅರ್ಧ ಮಾಡಿ. ಎಲ್‌ಇಡಿ ಸೆಟ್‌ಗೆ ಓಮ್ ರೇಂಜ್ ನಡೆಯುವುದಿಲ್ಲ. ಮೀಟರ್‌ನ ಡಯೋಡ್ ಗುರುತಿಗೆ ತಿರುಗಿಸಿ ಒಂದೊಂದೇ ಎಲ್‌ಇಡಿ ನೋಡಬೇಕು.

ಥರ್ಮಲ್ ಫ್ಯೂಸ್ ಬಗ್ಗೆ ಎಚ್ಚರಿಕೆ. ಅನ್ನ ಮಾಡುವ ಕುಕ್ಕರ್, ಇಸ್ತ್ರಿ ಪೆಟ್ಟಿಗೆ, ಕೆಲವು ಫ್ಯಾನ್‌ಗಳ ಒಳಗೆ, ತೀರಾ ಬಿಸಿಯಾದರೆ ಒಮ್ಮೆ ಸುಟ್ಟು ಓಪನ್ ಆಗುವ ಸಣ್ಣ ಭಾಗ ಇರುತ್ತದೆ. ಅದು ಓಪನ್ ಸಿಕ್ಕಿತು ಎಂದು ಅಡ್ಡಲಾಗಿ ತಂತಿ ಸುತ್ತಿ ಮುಚ್ಚುವವರಿದ್ದಾರೆ. ಉಪಕರಣ ನಡೆಯುತ್ತದೆ, ಮುಂದಿನ ಸಲ ಬಿಸಿಯಾದಾಗ ಬೆಂಕಿ ಹತ್ತುತ್ತದೆ. ಅಷ್ಟೇ ಡಿಗ್ರಿಯ ಹೊಸದನ್ನೇ ಹಾಕಿ. ಕಿಟ್‌ಕ್ಯಾಟ್ ಫ್ಯೂಸ್‌ಗೆ ದಪ್ಪ ತಾಮ್ರದ ಎಳೆ ಹಾಕುವುದೂ ಇದೇ ಸಾಲಿಗೆ ಸೇರಿದ್ದು.

ಹಂತ 7: ಟೆಸ್ಟರ್ ಉರಿಯುತ್ತದೆ, ಬಲ್ಬ್ ಉರಿಯುವುದಿಲ್ಲ

ಹತ್ತರಲ್ಲಿ ಎಂಟು ಸಲ ಇದು ನ್ಯೂಟ್ರಲ್ ಓಪನ್ ಎಂದೇ ನನ್ನ ಅಂದಾಜು. ಕರೆಂಟ್ ಫೇಸ್‌ನಿಂದ ಬಂದು ನ್ಯೂಟ್ರಲ್‌ನಲ್ಲಿ ವಾಪಸ್ ಹೋಗಬೇಕು. ಟೆಸ್ಟರ್‌ಗೆ ನ್ಯೂಟ್ರಲ್ ಬೇಡ. ಅದರೊಳಗಿನ ದೊಡ್ಡ ರೆಸಿಸ್ಟರ್ ಮೂಲಕ ತೀರಾ ಸಣ್ಣ ಕರೆಂಟ್ ನಿಮ್ಮ ಮೈಯಿಂದಲೇ ಭೂಮಿಗೆ ಹೋಗುತ್ತದೆ, ಅಷ್ಟಕ್ಕೇ ಅದು ಮಿನುಗುತ್ತದೆ. ಅಂದರೆ ಟೆಸ್ಟರ್ ಹೇಳುವುದು ‘ಫೇಸ್ ಬಂದಿದೆ’ ಎಂಬುದನ್ನು ಮಾತ್ರ. ವಾಪಸ್ ದಾರಿಯ ಬಗ್ಗೆ ಅದಕ್ಕೆ ಏನೂ ಗೊತ್ತಿಲ್ಲ.

ಗುರುತು ಹಿಡಿಯುವ ಬಗೆ: ಸಾಕೆಟ್‌ಗೆ ಬಲ್ಬ್ ಅಥವಾ ಬೇರೆ ಉಪಕರಣ ಜೋಡಿಸಿ ಸ್ವಿಚ್ ಹಾಕಿದಾಗ, ನ್ಯೂಟ್ರಲ್ ತೂತಿನಲ್ಲೂ ಟೆಸ್ಟರ್ ಉರಿದರೆ ನ್ಯೂಟ್ರಲ್ ಕಡಿದಿದೆ. ಬಲ್ಬ್‌ನ ಮೂಲಕ ಫೇಸ್ ಆ ಕಡೆಗೂ ಬಂದು ನಿಂತಿರುತ್ತದೆ. ಆಗ ಮನೆಯ ‘ನ್ಯೂಟ್ರಲ್’ ವೈರ್ ಮುಟ್ಟಿದರೂ ಶಾಕ್ ಹೊಡೆಯುತ್ತದೆ.

ಡಿಜಿಟಲ್ ಮೀಟರ್ ಇಲ್ಲಿ ಇನ್ನೊಂದು ಆಟ ಆಡಿಸುತ್ತದೆ. ಎಲ್ಲಿಗೂ ಜೋಡಿಸದ ವೈರ್ ಒಂದು ಪೈಪ್‌ನೊಳಗೆ ಫೇಸ್ ವೈರ್‌ನ ಪಕ್ಕದಲ್ಲೇ ಓಡಿದ್ದರೆ ಅದರಲ್ಲಿ 40, 60, ಒಮ್ಮೊಮ್ಮೆ 100 ವೋಲ್ಟ್ ಕೂಡ ತೋರಿಸಬಹುದು. ಅದು ಬರೀ ನೆರಳಿನ ವೋಲ್ಟೇಜ್. ಎಲೆಕ್ಟ್ರಿಷಿಯನ್‌ಗಳು ಇಂದಿಗೂ ಹೋಲ್ಡರ್‌ಗೆ ಬಲ್ಬ್ ಹಾಕಿದ ಟೆಸ್ಟ್ ಲ್ಯಾಂಪ್ ಇಟ್ಟುಕೊಳ್ಳುವುದು ಇದಕ್ಕೇ. ಬಲ್ಬ್ ಬೆಳಗಲು ನಿಜವಾದ ಕರೆಂಟ್ ಬೇಕು.

ಮೂರು ಫೇಸ್ ಲೈನ್ ಇದ್ದು, ಮನೆಯ ಕೆಲವು ಬಲ್ಬ್‌ಗಳು ವಿಪರೀತ ಬೆಳಗಿ ಕೆಲವು ಮಂಕಾದರೆ, ನೋಡುತ್ತಾ ನಿಲ್ಲಬೇಡಿ, ಮೇನ್ ಆಫ್ ಮಾಡಿ. ಮುಖ್ಯ ನ್ಯೂಟ್ರಲ್ ಹೋದಾಗ ಕೆಲವು ಉಪಕರಣಗಳ ಮೇಲೆ 400 ವೋಲ್ಟ್‌ನ ಹತ್ತಿರಕ್ಕೂ ಬೀಳಬಹುದು.

ಹಂತ 8: ಅರ್ಧ ಓಪನ್, ನಮ್ಮ ಮಳೆಗಾಲದ ನಿಜವಾದ ತಂಟೆ

ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರ್‌ಗೂ ಜಾಸ್ತಿ ಮಳೆ. ಹೊಸನಗರ, ತೀರ್ಥಹಳ್ಳಿ ಕಡೆಯ ಬೇರೆ ಊರುಗಳದ್ದೂ ಕಡಿಮೆಯೇನಲ್ಲ. ಜೂನ್‌ನಿಂದ ತಿಂಗಳುಗಟ್ಟಲೆ ಸ್ವಿಚ್ ಬೋರ್ಡಿನ ಒಳಗೆ ತೇವ. ಬೆಚ್ಚಗಿನ ಜಾಗ ಹುಡುಕಿಕೊಂಡು ಇರುವೆಗಳೂ ಅಲ್ಲೇ ಗೂಡು ಕಟ್ಟುತ್ತವೆ. ತಾಮ್ರಕ್ಕೆ ಹಸಿರು ಕಿಲುಬು ಬರುತ್ತದೆ. ತಾಮ್ರವನ್ನೂ ಅಲ್ಯೂಮಿನಿಯಮ್ಮನ್ನೂ ನೇರ ಸುತ್ತಿದ ಜಾಯಿಂಟ್ ಆದರೆ ಇನ್ನೂ ಬೇಗ ಹಾಳು. ಆ ಜಾಗದಲ್ಲಿ ತಂತಿ ಮುಟ್ಟಿಯೂ ಮುಟ್ಟದಂತೆ ಇರುತ್ತದೆ.

ಬಜರ್ ಇದನ್ನು ಹಿಡಿಯಲಾರದು. ಬಹಳಷ್ಟು ಮೀಟರ್‌ಗಳ ಬಜರ್ 30 ಓಮ್ ಇದ್ದರೂ ಬೀಪ್ ಅನ್ನುತ್ತದೆ, ಕೆಲವು ಇನ್ನೂ ಜಾಸ್ತಿಗೂ ಅನ್ನುತ್ತವೆ. ಹಾಗಾದರೆ 1 ಓಮ್‌ನ ಕೆಟ್ಟ ಜಾಯಿಂಟ್ ಏನು ಮಾಡುತ್ತದೆ ನೋಡಿ. 2,000 ವ್ಯಾಟ್ ಗೀಸರ್‌ಗೆ ಎಂಟೂವರೆ ಆಂಪಿಯರ್‌ನ ಹತ್ತಿರ ಕರೆಂಟ್ ಹರಿಯುತ್ತದೆ. ಬಿಸಿಯ ಲೆಕ್ಕ: ಕರೆಂಟನ್ನು ಕರೆಂಟ್‌ನಿಂದಲೇ ಗುಣಿಸಿ, ರೆಸಿಸ್ಟೆನ್ಸ್‌ನಿಂದ ಗುಣಿಸಬೇಕು. ಸುಮಾರು 70 ವ್ಯಾಟ್! ಕಡಲೆಕಾಳಿನಷ್ಟು ಜಾಗದಲ್ಲಿ 70 ವ್ಯಾಟ್ ಬಿಸಿ. ಸಾಕೆಟ್ ಕಪ್ಪಾಗಿ ಕರಗುವುದು ಹೀಗೆ. ಮೀಟರ್ ಮಾತ್ರ ‘ಬೀಪ್, ಎಲ್ಲ ಸರಿ’ ಅನ್ನುತ್ತಿರುತ್ತದೆ. 200ರ ರೇಂಜ್‌ನಲ್ಲಿ ಅಳೆದರೂ ಪ್ರೋಬ್ ವೈರ್‌ನ 0.5 ಓಮ್ ಜೊತೆ ಅದು ಕಲಸಿಹೋಗುತ್ತದೆ.

ಉಪಾಯ ಏನಂದರೆ, ಇಲ್ಲಿ ಓಮ್ ಅಳೆಯಬೇಡಿ. ಕರೆಂಟ್ ಹರಿಯುತ್ತಿರುವಾಗ ಜಾಯಿಂಟ್‌ನ ಆಚೆ ಈಚೆ ವೋಲ್ಟ್ ಅಳೆಯಿರಿ. ಕಲಿಯಲು ಯುಪಿಎಸ್‌ನ 12 ವೋಲ್ಟ್ ಬ್ಯಾಟರಿ ಒಳ್ಳೆಯದು. ಮೇನ್ ಆಫ್ ಮಾಡಿ, ಫ್ಯಾನು, ದೀಪ ಎಲ್ಲ ಹಾಕಿ ಯುಪಿಎಸ್ ಮೇಲೆ ಲೋಡ್ ಕೊಡಿ. ಮೀಟರನ್ನು ಡಿಸಿ ವೋಲ್ಟ್‌ನ 20ಕ್ಕೆ ಇಡಿ. ಒಂದು ಪ್ರೋಬ್ ಬ್ಯಾಟರಿಯ ಸೀಸದ ಕಂಬದ ಮೇಲೆ, ಇನ್ನೊಂದು ಅದೇ ಕಂಬಕ್ಕೆ ಹಾಕಿದ ವೈರ್‌ನ ಲಗ್ (ತುದಿಗೆ ಕೂರಿಸಿದ ಲೋಹದ ಬಳೆ) ಮೇಲೆ. ಎರಡೂ ಮುಟ್ಟಿಕೊಂಡೇ ಇವೆ, ಹಾಗಾಗಿ ಸೊನ್ನೆಯ ಹತ್ತಿರ ಬರಬೇಕು. 0.5 ಬಂತು ಎಂದಿಟ್ಟುಕೊಳ್ಳಿ. 50 ಆಂಪಿಯರ್ ಹರಿಯುತ್ತಿದ್ದರೆ ಆ ಜಾಯಿಂಟ್ 0.01 ಓಮ್. ಇಷ್ಟು ಸಣ್ಣದನ್ನು ನಿಮ್ಮ ಮೀಟರ್ ಓಮ್‌ನಲ್ಲಿ ಎಂದೂ ತೋರಿಸಲಾರದು, ವೋಲ್ಟ್‌ನಲ್ಲಿ ಥಟ್ಟನೆ ತೋರಿಸಿತು. ಅಲ್ಲಿ 25 ವ್ಯಾಟ್ ಸುಮ್ನೆ ಬಿಸಿಯಾಗಿ ಹೋಗುತ್ತಿದೆ, ಯುಪಿಎಸ್ ಬೇಗ ಕೂಗಲು ಅದೂ ಒಂದು ಕಾರಣ. ಲೋಡ್ ತೆಗೆದರೆ ಅದೇ ಜಾಗದಲ್ಲಿ ಸೊನ್ನೆ ಬರುತ್ತದೆ. ಲೋಡ್ ಇಲ್ಲದೆ ಅಳೆದವರು ‘ಏನೂ ತೊಂದರೆ ಇಲ್ಲ’ ಎಂದು ಎದ್ದು ಹೋಗುವುದು ಅದಕ್ಕೇ.

ಬ್ಯಾಟರಿಯ ಎರಡು ಕಂಬಗಳ ನಡುವೆ ಸ್ಪಾನರ್ ಬೀಳದಂತೆ ನೋಡಿಕೊಳ್ಳಿ. ಕೈಯಲ್ಲಿ ಉಂಗುರ, ಬಳೆ ಬೇಡ. 230 ವೋಲ್ಟ್‌ನ ಬೋರ್ಡಿನಲ್ಲಿ ಲೋಡ್ ಹಾಕಿ ಈ ಪರೀಕ್ಷೆ ಮಾಡುವುದು ಎಲೆಕ್ಟ್ರಿಷಿಯನ್ ಕೆಲಸ. ನೀವು ಮಾಡಬಹುದಾದದ್ದು: ಗೀಸರ್ ಹತ್ತು ನಿಮಿಷ ನಡೆದ ಮೇಲೆ ಸ್ವಿಚ್ ಆಫ್ ಮಾಡಿ, ಪ್ಲಗ್ ತೆಗೆದು ಪಿನ್ ಮುಟ್ಟಿ ನೋಡಿ. ಒಂದು ಪಿನ್ ಮಾತ್ರ ಸುಡುವಷ್ಟು ಬಿಸಿಯಿದ್ದರೆ ಆ ಕಡೆಯ ಸಾಕೆಟ್ ಹಿಡಿತ ಸಡಿಲವಾಗಿದೆ.

ಹಂತ 9: ಬರೀ ಉದ್ದವೇ ತೊಂದರೆಯಾದಾಗ

ಎಲ್ಲ ಜಾಯಿಂಟ್ ಸರಿ, ಆದರೂ ತೋಟದ ಮೋಟಾರ್ ಗುಂಯ್ ಅನ್ನುತ್ತದೆ, ತಿರುಗುವುದಿಲ್ಲ. ವೈರ್‌ನದ್ದೇ ರೆಸಿಸ್ಟೆನ್ಸ್ ನೋಡಿ. 2.5 ಚದರ ಮಿಲಿಮೀಟರ್ ತಾಮ್ರದ ವೈರ್‌ಗೆ ಕಿಲೋಮೀಟರಿಗೆ ಸುಮಾರು 7.4 ಓಮ್. ಹೊಳೆ ಬದಿಯ ಮೋಟಾರ್ 300 ಮೀಟರ್ ದೂರದಲ್ಲಿದೆ ಅನ್ನಿ. ಹೋಗಿ ಬರುವ ದಾರಿ 600 ಮೀಟರ್, ಸುಮಾರು 4.4 ಓಮ್. ಒಂದು ಎಚ್‌ಪಿ ಸಿಂಗಲ್ ಫೇಸ್ ಮೋಟಾರ್ ಸುಮಾರು 7 ಆಂಪಿಯರ್ ಎಳೆದರೆ ವೈರ್‌ನಲ್ಲೇ 30 ವೋಲ್ಟ್ ಹೋಯಿತು. ಶುರುವಾಗುವ ಹೊತ್ತಿಗೆ ಕರೆಂಟ್ ಇದರ ಹಲವು ಪಟ್ಟು ಬೇಕು, ಆಗ ವೋಲ್ಟೇಜ್ ಕುಸಿದೇ ಬೀಳುತ್ತದೆ. ಇದಕ್ಕೆ ದೊಡ್ಡ ಕೆಪಾಸಿಟರ್ ಹಾಕಿಸುವುದು ಮದ್ದಲ್ಲ. 10 ಚದರ ಮಿಲಿಮೀಟರ್ ವೈರ್ ಎಳೆದರೆ ನಷ್ಟ 8 ವೋಲ್ಟ್‌ಗೂ ಕಡಿಮೆ. ಅಲ್ಯೂಮಿನಿಯಮ್ ಆದರೆ ಅಷ್ಟೇ ದಪ್ಪಕ್ಕೆ ರೆಸಿಸ್ಟೆನ್ಸ್ ಒಂದೂವರೆ ಪಟ್ಟಿಗಿಂತ ಜಾಸ್ತಿ, ಇನ್ನೂ ದಪ್ಪ ಬೇಕು.

ಜೋಗದಲ್ಲಿ 1948ರಿಂದ ವಿದ್ಯುತ್ ತಯಾರಾಗುತ್ತಿದೆ, ಶರಾವತಿ ವಿದ್ಯುದಾಗಾರ ಒಂದೇ 1,035 ಮೆಗಾವ್ಯಾಟ್. ಕರೆಂಟ್ ಹುಟ್ಟುವ ಜಿಲ್ಲೆಯಲ್ಲೇ ನಮಗೆ ವೋಲ್ಟೇಜ್ ಇಲ್ಲ ಎಂದು ಬೈಯುವವರಿಗೆ ಉತ್ತರವೂ ಇದೇ ಲೆಕ್ಕದಲ್ಲಿದೆ. ದೂರದೂರಿಗೆ 220 ಕಿಲೋವೋಲ್ಟ್‌ಗೆ ಏರಿಸಿ ಕಳಿಸುತ್ತಾರೆ. ವೋಲ್ಟೇಜ್ ಏರಿದಷ್ಟೂ ಅದೇ ವ್ಯಾಟ್‌ಗೆ ಕರೆಂಟ್ ಕಡಿಮೆ ಸಾಕು, ತಂತಿಯಲ್ಲಿ ನಷ್ಟ ಕಡಿಮೆ. ಟ್ರಾನ್ಸ್‌ಫಾರ್ಮರ್‌ನಿಂದ ನಿಮ್ಮ ತೋಟದ ಮನೆಗೆ ಬರುವ ಕೊನೆಯ ತುಂಡಿಗೆ ಆ ಅನುಕೂಲ ಇಲ್ಲ.

ಮೋಟಾರ್ ಬಿಚ್ಚುವ ಮುನ್ನ ಇನ್ನೊಂದು ಪರೀಕ್ಷೆ ಮಾಡಬಹುದು. ಸಿಂಗಲ್ ಫೇಸ್ ಸಬ್‌ಮರ್ಸಿಬಲ್‌ನ ಮೂರು ವೈರ್‌ಗಳನ್ನು ಸ್ಟಾರ್ಟರ್‌ನಿಂದ ಬಿಡಿಸಿ ಎರಡೆರಡಾಗಿ ಅಳೆಯಿರಿ. ಮೂರು ರೀಡಿಂಗ್ ಬರುತ್ತವೆ. ದೊಡ್ಡದು ಉಳಿದೆರಡರ ಮೊತ್ತಕ್ಕೆ ಹೆಚ್ಚುಕಡಿಮೆ ಸಮ ಇರಬೇಕು. ದೊಡ್ಡದು ಬಂದ ಜೋಡಿಯಲ್ಲಿ ಸೇರದ ವೈರೇ ಕಾಮನ್. ಒಂದು ವೈರ್ ಯಾವುದರೊಂದಿಗೂ ಓಪನ್ ತೋರಿಸಿದರೆ ಕೇಬಲ್ ಅಥವಾ ಒಳಗಿನ ಸುತ್ತು ಕಡಿದಿದೆ.

ಸಿಕ್ಕಿದ ಜಾಯಿಂಟ್ ಸರಿ ಮಾಡುವುದು

ಕಿಲುಬಿನ ಮೇಲೆ ಟೇಪ್ ಸುತ್ತಬೇಡಿ. ಮೇನ್ ಆಫ್ ಮಾಡಿ, ತಾಮ್ರ ಹೊಳೆಯುವ ಜಾಗದವರೆಗೂ ವೈರ್ ಕತ್ತರಿಸಿ. ಎಳೆಗಳು ಒಳಗೂ ಕಪ್ಪಾಗಿದ್ದರೆ ಇನ್ನಷ್ಟು ಹಿಂದಕ್ಕೆ ಹೋಗಿ. ಸುತ್ತಿ ಬಿಡುವ ಬದಲು ಸ್ಕ್ರೂ ಕನೆಕ್ಟರ್ ಅಥವಾ ಒತ್ತಿ ಕೂರಿಸುವ ಲಗ್ ಬಳಸಿ. ತಾಮ್ರ, ಅಲ್ಯೂಮಿನಿಯಮ್ ಸೇರಿಸಲೇಬೇಕಾದರೆ ಅದಕ್ಕೆಂದೇ ಬರುವ ಬೈಮೆಟಲ್ ಲಗ್ ಕೇಳಿ ತನ್ನಿ. ಹೊರಗಿನ ಜಾಯಿಂಟ್ ಆದರೆ ಮುಚ್ಚಳವಿರುವ ಪೆಟ್ಟಿಗೆಯಲ್ಲಿಟ್ಟು, ವೈರ್ ಕೆಳಗಡೆಯಿಂದ ಒಳಗೆ ಹೋಗುವಂತೆ ಕೂರಿಸಿ. ಮೇಲಿಂದ ಹೋದರೆ ಮಳೆನೀರು ವೈರ್ ಹಿಡಿದುಕೊಂಡೇ ಇಳಿಯುತ್ತದೆ. ಸ್ಕ್ರೂಗಳನ್ನು ಲೋಡ್ ಹಾಕಿ ಒಂದೆರಡು ದಿನ ನಡೆದ ಮೇಲೆ, ಮತ್ತೆ ಮೇನ್ ಆಫ್ ಮಾಡಿ, ಇನ್ನೊಮ್ಮೆ ಬಿಗಿ ಮಾಡಿ.

ಇದೆಲ್ಲ ನಿಮ್ಮ ಮನೆಯ ಮೀಟರ್ ದಾಟಿದ ಮೇಲಿನ ಭಾಗಕ್ಕೆ ಮಾತ್ರ. ಕಂಬದಿಂದ ಮೀಟರ್ ಪೆಟ್ಟಿಗೆಯವರೆಗೆ ಕಿಲುಬು ಕಂಡರೂ, ಕಿಡಿ ಕಂಡರೂ ಏಣಿ ಹಾಕಬೇಡಿ. ಮೆಸ್ಕಾಂನ 1912ಕ್ಕೆ ಕರೆ ಮಾಡಿ. ‘ಕರೆಂಟ್ ಇಲ್ಲ’ ಎಂದಷ್ಟೇ ಹೇಳದೆ ‘ನ್ಯೂಟ್ರಲ್ ಹೋದ ಹಾಗಿದೆ, ಬಲ್ಬ್ ಮಂಕಾಗಿ ಜಾಸ್ತಿಯಾಗುತ್ತಿದೆ’ ಎಂದು ನೋಡಿದ್ದನ್ನೇ ಹೇಳಿ, ಮೀಟರ್ ಮೇಲಿನ ಆರ್‌ಆರ್ ನಂಬರ್ ಕೈಯಲ್ಲಿಟ್ಟುಕೊಳ್ಳಿ.